ಮೇಲಿನಿಂದ ಮಾತಾಡುವ ಪುಟ್ಟ ವಿಮಾನ

ಮಾದರಿ ವಿಮಾನ ಹಾರಿಸುವವರನ್ನು ಮೈದಾನದಲ್ಲಿ ದೂರದಿಂದಲೇ ಗುರುತು ಹಿಡಿಯಬಹುದು. ಕತ್ತು ಸದಾ ಮೇಲೆ. ಎರಡೂ ಹೆಬ್ಬೆರಳು ಎದೆಮಟ್ಟದಲ್ಲಿ ಹಿಡಿದ ಟ್ರಾನ್ಸ್‌ಮಿಟರ್ ಪೆಟ್ಟಿಗೆಯ ಸ್ಟಿಕ್ಕುಗಳ ಮೇಲೆ. ಪಕ್ಕದಲ್ಲೇ ನಿಂತು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಇದು ಜಂಬವಲ್ಲ, ಅನಿವಾರ್ಯ. ಒಂದು ಮೀಟರ್ ರೆಕ್ಕೆಯಗಲದ ವಿಮಾನ 150 ಮೀಟರ್ ದೂರಕ್ಕೆ ಹೋದರೆ, ಕೈ ಚಾಚಿ ಹಿಡಿದ ಅಕ್ಕಿಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ. ಗಂಟೆಗೆ 54 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಎರಡೇ ಸೆಕೆಂಡು ಕಣ್ಣು ಕೆಳಗಿಳಿಸಿ ಮತ್ತೆ ಮೇಲೆತ್ತುವಷ್ಟರಲ್ಲಿ ವಿಮಾನ 30 ಮೀಟರ್ ಆಚೆ ಹೋಗಿರುತ್ತದೆ. ಅದು ನಮ್ಮ ಕಡೆ ಬರುತ್ತಿದೆಯೋ, ನಮ್ಮಿಂದ ದೂರ ಹೋಗುತ್ತಿದೆಯೋ ಎಂಬುದೂ ಆಮೇಲೆ ತಿಳಿಯುವುದಿಲ್ಲ.

ವಿಚಿತ್ರವೆಂದರೆ, ಆ ಹೊತ್ತಿನಲ್ಲಿ ಹಾರಿಸುವವರಿಗೆ ಬೇಕಾದ ಮಾಹಿತಿಯೆಲ್ಲ ಕೆಳಗೇ ಇರುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ, ಸಿಗ್ನಲ್ ಗಟ್ಟಿಯಾಗಿದೆಯೇ, ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕೈಯಲ್ಲಿರುವ ಪೆಟ್ಟಿಗೆಯ ಪುಟ್ಟ ಪರದೆ ತೋರಿಸುತ್ತಲೇ ಇದೆ. ನೋಡಲು ಮಾತ್ರ ಪುರುಸೊತ್ತಿಲ್ಲ. ಕಣ್ಣಿಗೆ ಬಿಡುವಿಲ್ಲ, ಕೈಗೆ ಬಿಡುವಿಲ್ಲ. ಸುಮ್ಮನೆ ಕುಳಿತಿರುವುದು ಕಿವಿಯೊಂದೇ. ಆ ಕಿವಿಗೆ ಕೆಲಸ ಕೊಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬರೀ ಅಪ್ಪಣೆ, ಉತ್ತರವಿಲ್ಲ

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ. ಅಂದಿನಿಂದ ಸುಮಾರು ನೂರು ವರ್ಷ ಈ ಹವ್ಯಾಸದಲ್ಲಿ ರೇಡಿಯೋ ಅಲೆಗಳದ್ದು ಬಹುಮಟ್ಟಿಗೆ ಒಮ್ಮುಖ ಸಂಚಾರ. ನೆಲದಿಂದ ಅಪ್ಪಣೆ ಹೋಗುತ್ತಿತ್ತು, ಮೇಲಿನಿಂದ ಉತ್ತರ ಬರುತ್ತಿರಲಿಲ್ಲ. ಹಳೆಯ ಹವ್ಯಾಸಿಗಳು 27 ಅಥವಾ 72 ಮೆಗಾಹರ್ಟ್ಸ್‌ನ ಸೆಟ್ಟುಗಳ ಕಾಲವನ್ನು ಇಂದಿಗೂ ನೆನೆಯುತ್ತಾರೆ. ಒಂದೇ ಸಂಖ್ಯೆಯ ಕ್ರಿಸ್ಟಲ್ ಇಬ್ಬರ ಸೆಟ್ಟಿನಲ್ಲಿದ್ದು, ಒಬ್ಬ ಹಾರಿಸುತ್ತಿರುವಾಗ ಇನ್ನೊಬ್ಬ ಸ್ವಿಚ್ ಒತ್ತಿದನೆಂದರೆ ಮೇಲಿದ್ದ ವಿಮಾನದ ಕಥೆ ಮುಗಿದಂತೆ. ಬ್ಯಾಟರಿಯ ಲೆಕ್ಕವೋ, ಅದು ಗಡಿಯಾರದ ಮೇಲೆ ಬಿಟ್ಟದ್ದು.

ಈ ಶತಮಾನದ ಮೊದಲ ದಶಕದಲ್ಲಿ 2.4 ಗಿಗಾಹರ್ಟ್ಸ್‌ನ ಸೆಟ್ಟುಗಳು ಬಂದವು. ನಮ್ಮ ದೇಶದಲ್ಲಿ ಈ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಲ್ಲದೆ ಬಿಟ್ಟುಕೊಡಲಾಯಿತು. ಇಲ್ಲಿ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಮೊದಲೇ ಪರಸ್ಪರ ಪರಿಚಯ ಮಾಡಿಕೊಂಡಿರುತ್ತವೆ. ಹಾಗಾಗಿ ಪಕ್ಕದವರ ಅಪ್ಪಣೆಗೆ ನಮ್ಮ ವಿಮಾನ ಕಿವಿಗೊಡುವುದಿಲ್ಲ. ಸಂಭಾಷಣೆಯ ನಡುವಿನ ಬಿಡುವುಗಳಲ್ಲಿ ರಿಸೀವರ್ ತಾನೂ ನಾಲ್ಕು ಮಾತು ವಾಪಸು ಕಳಿಸಬಲ್ಲದು. ಆ ನಾಲ್ಕು ಮಾತಿಗೇ ಟೆಲಿಮೆಟ್ರಿ ಎನ್ನುವುದು, ಕನ್ನಡದಲ್ಲಿ ದೂರಮಾಪನ.

ಈ ಪದ ನಮ್ಮವರಿಗೆ ಹೊಸದಲ್ಲ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ‘ಇಸ್ಟ್ರಾಕ್’ ಕೇಂದ್ರದ ಪೂರ್ಣ ಹೆಸರಿನಲ್ಲೇ ಟೆಲಿಮೆಟ್ರಿ ಇದೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ‘ವಿಕ್ರಮ್’ ಇಳಿಯುತ್ತಿದ್ದಾಗ ಇಡೀ ದೇಶ ನಿದ್ದೆಗೆಟ್ಟು ನೋಡಿದ್ದು ಈ ಅಂಕಿಗಳನ್ನೇ. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ತಪ್ಪಿತು ಎಂಬ ಪ್ರಕಟಣೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕಣ್ಣಲ್ಲಿ ನೀರು ತರಿಸಿತು. 2023ರ ಆಗಸ್ಟ್ 23ರಂದು ಅದೇ ಕೇಂದ್ರದ ಪರದೆಗಳಲ್ಲಿ ಅಂಕಿಗಳು ಕೊನೆಯವರೆಗೂ ಬಂದವು. ಹವ್ಯಾಸಿಯ ಕೈಯಲ್ಲಿರುವುದು ಇದೇ ತತ್ತ್ವದ ಪುಟಾಣಿ ರೂಪ. ಬೆಲೆ ಹೆಚ್ಚುಕಡಿಮೆ ಒಂದು ಒಳ್ಳೆಯ ಸೈಕಲ್ಲಿನದು.

ಪೀಂ ಎಂದರೆ ಏನರ್ಥ?

ಎಚ್ಚರಿಸುವುದಕ್ಕೆ ಬರೀ ಪೀಂಪೀಂ ಸದ್ದು ಸಾಲದೇ, ಮಾತೇ ಏಕೆ ಬೇಕು ಎಂದು ಕೇಳಬಹುದು. ಈ ಪ್ರಶ್ನೆಗೆ ದೊಡ್ಡ ವಿಮಾನಗಳು ಬಹಳ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿವೆ.

2005ರ ಆಗಸ್ಟ್ 14ರಂದು ಹೀಲಿಯೋಸ್ ಕಂಪೆನಿಯ ಬೋಯಿಂಗ್ 737 ಸೈಪ್ರಸ್‌ನಿಂದ ಅಥೆನ್ಸ್ ಕಡೆಗೆ ಹೊರಟಿತು. ಒಳಗಿನ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆಯ ಸ್ವಿಚ್ ತಪ್ಪು ಸ್ಥಾನದಲ್ಲಿ ಉಳಿದುಬಿಟ್ಟಿತ್ತು. ವಿಮಾನ ಏರುತ್ತಿದ್ದಂತೆ ಎಚ್ಚರಿಕೆಯ ಹಾರನ್ ಬಾರಿಸಿತು. ಆದರೆ ಆ ಮಾದರಿಯಲ್ಲಿ ಎರಡು ಬೇರೆ ಬೇರೆ ಎಚ್ಚರಿಕೆಗಳಿಗೆ ಒಂದೇ ಹಾರನ್. ನೆಲದ ಮೇಲೆ ಬಾರಿಸಿದರೆ ‘ಮೇಲೇರಲು ಸಿದ್ಧತೆ ಸರಿಯಿಲ್ಲ’ ಎಂದರ್ಥ; ಆಕಾಶದಲ್ಲಿ ಬಾರಿಸಿದರೆ ‘ಒಳಗೆ ಗಾಳಿ ತೆಳುವಾಗುತ್ತಿದೆ’ ಎಂದರ್ಥ. ಪೈಲಟ್ಟುಗಳು ಮೊದಲನೆಯದೆಂದೇ ತಿಳಿದು ಅದರ ಕಾರಣ ಹುಡುಕುತ್ತ ಕುಳಿತರು. ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪಿದರು. ವಿಮಾನದಲ್ಲಿದ್ದ 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹಾರನ್ ಕೆಟ್ಟಿರಲಿಲ್ಲ, ಹೊತ್ತಿಗೆ ಸರಿಯಾಗಿ ಕೂಗಿತ್ತು. ಏನನ್ನು ಕೂಗುತ್ತಿದೆ ಎಂಬುದಷ್ಟೇ ತಿಳಿಯಲಿಲ್ಲ.

ಮಾತಿನ ಎಚ್ಚರಿಕೆ ಅದಕ್ಕೂ ಬಹಳ ಹಿಂದೆಯೇ ಹುಟ್ಟಿತ್ತೆನ್ನಿ. ಅಮೆರಿಕದ ಬಿ-58 ಬಾಂಬರ್ ವಿಮಾನದಲ್ಲಿ ಜೋನ್ ಎಲ್ಮ್ಸ್ ಎಂಬ ಕಲಾವಿದೆಯ ದನಿಯನ್ನು ಟೇಪಿನಲ್ಲಿ ತುಂಬಿದ್ದರು. ತೊಂದರೆ ಬಂದಾಗ ಆಕೆ ಅದನ್ನು ಹೆಸರಿಟ್ಟು ಹೇಳುತ್ತಿದ್ದಳು. ನೆಲ ಹತ್ತಿರವಾದಾಗ ‘ಪುಲ್ ಅಪ್’ ಎಂದು ಕೂಗುವ ಉಪಕರಣವನ್ನು ರೂಪಿಸಿದವರು ಡಾನ್ ಬೇಟ್‌ಮನ್ ಎಂಬ ಎಂಜಿನಿಯರ್. 1974ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸಮೀಪದ ಗುಡ್ಡಕ್ಕೆ ವಿಮಾನವೊಂದು ಅಪ್ಪಳಿಸಿ 92 ಜನ ಸತ್ತ ಮೇಲೆ ಅಮೆರಿಕ ಅದನ್ನು ದೊಡ್ಡ ವಿಮಾನಗಳಿಗೆ ಕಡ್ಡಾಯ ಮಾಡಿತು. ‘ಪುಲ್ ಅಪ್’ ಎಂಬ ಮಾತನ್ನು ಗಮನಿಸಿ. ‘ನೆಲ ಹತ್ತಿರವಾಗಿದೆ’ ಎಂದು ಸುದ್ದಿ ಹೇಳಿ ಅದು ಸುಮ್ಮನಾಗುವುದಿಲ್ಲ. ಏನು ಮಾಡಬೇಕೆಂಬುದನ್ನೇ ಹೇಳುತ್ತದೆ. ಹವ್ಯಾಸಿ ತನ್ನ ಪೆಟ್ಟಿಗೆಗೆ ಮಾತು ಕಲಿಸುವಾಗ ನೆನಪಿಡಬೇಕಾದ ಮೊದಲ ಪಾಠ ಇದು.

ಬ್ಯಾಟರಿಯ ಸುಳ್ಳು

ಈಗ ಮೈದಾನಕ್ಕೆ ಬರೋಣ. ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಥರ್ಮೋಕೋಲಿನಂಥ ಫೋಮ್ ವಿಮಾನ, 3 ಸೆಲ್ಲಿನ 2200 ಮಿಲಿಆಂಪ್‌ಅವರ್ ಲಿಪೋ ಬ್ಯಾಟರಿ, ಎಡ್ಜ್‌ಟಿಎಕ್ಸ್ ತಂತ್ರಾಂಶವಿರುವ ಟ್ರಾನ್ಸ್‌ಮಿಟರ್ ಇವೆ ಎಂದಿಟ್ಟುಕೊಳ್ಳೋಣ. ಎಡ್ಜ್‌ಟಿಎಕ್ಸ್ ಎಂಬುದು ಹವ್ಯಾಸಿಗಳೇ ಸೇರಿ ಕಟ್ಟಿ ಎಲ್ಲರಿಗೂ ಉಚಿತವಾಗಿ ಬಿಟ್ಟ ತಂತ್ರಾಂಶ. ಅದರ ಹಿರಿಯಣ್ಣ ಓಪನ್‌ಟಿಎಕ್ಸ್. ರೇಡಿಯೋಮಾಸ್ಟರ್, ಜಂಪರ್ ಮುಂತಾದ ಹಲವು ಕಂಪೆನಿಗಳ ಪೆಟ್ಟಿಗೆಗಳಲ್ಲಿ ಇದೇ ಓಡುತ್ತದೆ.

ರಿಸೀವರ್ ಮತ್ತು ಟ್ರಾನ್ಸ್‌ಮಿಟರ್ ಜೋಡಿಯಾದ ಮೇಲೆ ಟೆಲಿಮೆಟ್ರಿ ಪುಟಕ್ಕೆ ಹೋಗಿ ‘ಡಿಸ್ಕವರ್’ ಒತ್ತಿದರೆ ವಿಮಾನ ಕಳಿಸುತ್ತಿರುವ ಅಳತೆಗಳೆಲ್ಲ ಒಂದೊಂದಾಗಿ ಸಾಲುಗಟ್ಟುತ್ತವೆ. ಇಲ್ಲಿಯೇ ಹೊಸಬರು ಎಡವುವ ಜಾಗ ಒಂದಿದೆ. ಪಟ್ಟಿಯಲ್ಲಿ ‘ಆರ್‌ಎಕ್ಸ್ ಬ್ಯಾಟ್’ ಎಂಬ ಹೆಸರು ಕಂಡೊಡನೆ ಬ್ಯಾಟರಿಯ ಲೆಕ್ಕ ಸಿಕ್ಕಿತೆಂದು ಹಿಗ್ಗುತ್ತಾರೆ. ಅನೇಕ ರಿಸೀವರುಗಳಲ್ಲಿ ಅದು ರಿಸೀವರಿಗೆ ಬರುವ ವೋಲ್ಟೇಜು ಮಾತ್ರ. ಮೋಟಾರಿನ ವೇಗ ನಿಯಂತ್ರಕವು ದೊಡ್ಡ ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸಿ ರಿಸೀವರಿಗೆ ಉಣಿಸುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿ ಕೊನೆಯುಸಿರು ಎಳೆಯುತ್ತಿದ್ದರೂ ಪರದೆಯಲ್ಲಿ 5 ವೋಲ್ಟ್ ಅಲುಗದೆ ನಿಂತಿರುತ್ತದೆ. ಊಟಕ್ಕೆ ಕುಳಿತವನನ್ನು ಮಾತಾಡಿಸಿ ಉಗ್ರಾಣದ ಲೆಕ್ಕ ತಿಳಿಯಹೊರಟಂತೆ! ದೊಡ್ಡ ಬ್ಯಾಟರಿಗೆ ಪ್ರತ್ಯೇಕ ಸೆನ್ಸರ್ ಬೇಕು, ಅಥವಾ ಅದರ ವೋಲ್ಟೇಜನ್ನು ನೇರವಾಗಿ ಅಳೆಯುವ ರಿಸೀವರ್ ಬೇಕು. ಅದು ತೋರಿಸುವ ಅಂಕಿಯನ್ನು ಒಮ್ಮೆ ಮಲ್ಟಿಮೀಟರಿನ ಅಂಕಿಯೊಡನೆ ಹೋಲಿಸಿ, ವ್ಯತ್ಯಾಸವಿದ್ದರೆ ಸರಿಪಡಿಸಿಕೊಳ್ಳಬೇಕು.

ಇನ್ನು ಎಷ್ಟಕ್ಕೆ ಎಚ್ಚರಿಸಬೇಕು? ಲಿಪೋ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೆ ಶಾಶ್ವತ ಪೆಟ್ಟು. ಬ್ಯಾಟರಿ ಉಬ್ಬಿಕೊಳ್ಳಬಹುದು, ಉಬ್ಬಿದ ಲಿಪೋ ಮತ್ತೆ ಚಾರ್ಜ್ ಮಾಡಿದರೆ ಬೆಂಕಿಯ ಭಯ. ಹಾರುವಾಗ ಸೆಲ್ಲಿಗೆ 3.5ರಂತೆ ಲೆಕ್ಕ ಹಾಕಿ, 3 ಸೆಲ್ಲಿಗೆ 10.5 ವೋಲ್ಟ್ ಎಂಬುದು ರೂಢಿಯಲ್ಲಿರುವ ಗಡಿ.

ಆದರೆ ಬ್ಯಾಟರಿ ಸುಳ್ಳು ಹೇಳುತ್ತದೆ, ಅದೂ ಎರಡು ಬಗೆಯಾಗಿ. ಹಳ್ಳಿಯಲ್ಲಿ ಪಂಪ್‌ಸೆಟ್ ಶುರುವಾದೊಡನೆ ಮನೆಯ ಬಲ್ಬು ಮಂಕಾಗುತ್ತದಲ್ಲ, ಹಾಗೆ ಮೋಟಾರಿಗೆ ಪೂರ್ತಿ ಶಕ್ತಿ ಕೊಟ್ಟಾಗ ವೋಲ್ಟೇಜು ಒಮ್ಮೆಗೇ ಕುಸಿಯುತ್ತದೆ. ಅರ್ಧ ತುಂಬಿದ ಬ್ಯಾಟರಿಯೂ ಆಗ ಕ್ಷಣಕಾಲ 10.5ಕ್ಕಿಂತ ಕೆಳಗೆ ಹೋಗಿ ಬರಬಹುದು. ಇದು ಮೊದಲನೆಯ ಸುಳ್ಳು: ಇದ್ದರೂ ಇಲ್ಲ ಎನ್ನುವುದು. ಎರಡನೆಯದು ಇನ್ನೂ ಅಪಾಯಕಾರಿ. ಬ್ಯಾಟರಿ ನಿಜವಾಗಿ ಬರಿದಾಗಿ ಎಚ್ಚರಿಕೆ ಕೂಗಿತು ಎನ್ನಿ. ಹುಡುಗ ಗಾಬರಿಯಿಂದ ಥ್ರಾಟಲ್ ತಗ್ಗಿಸುತ್ತಾನೆ. ಹೊರೆ ಇಳಿದೊಡನೆ ವೋಲ್ಟೇಜು ಮೇಲೇಳುತ್ತದೆ, ಎಚ್ಚರಿಕೆ ನಿಲ್ಲುತ್ತದೆ. ‘ಸರಿಹೋಯ್ತು, ಅಪ್ಪಾ, ಇನ್ನೊಂದೇ ರೌಂಡು’ ಎಂದು ಅವನು ಮತ್ತೆ ಏರಿಸುತ್ತಾನೆ. ಇಲ್ಲದ್ದು ಇದ್ದಂತೆ ತೋರಿದ ಆ ಒಂದು ರೌಂಡಿನಲ್ಲಿ ವಿಮಾನ ಮರಗಳಾಚೆ ಇಳಿಯುತ್ತದೆ.

ಎಡ್ಜ್‌ಟಿಎಕ್ಸ್‌ನಲ್ಲಿ ಈ ಎರಡಕ್ಕೂ ಮದ್ದಿದೆ. ‘ಲಾಜಿಕಲ್ ಸ್ವಿಚ್’ ಎಂಬ ಪುಟದಲ್ಲಿ ಕೈಗೆ ಸಿಗದ ಸ್ವಿಚ್ಚುಗಳನ್ನು ಕಟ್ಟಬಹುದು. ಯಾರೂ ಒತ್ತಬೇಕಿಲ್ಲ, ನಾವು ಬರೆದ ಷರತ್ತು ನಿಜವಾದೊಡನೆ ಅವು ತಾವಾಗಿ ಹೊತ್ತಿಕೊಳ್ಳುತ್ತವೆ. ‘ಬ್ಯಾಟರಿ 10.5ಕ್ಕಿಂತ ಕಡಿಮೆ’ ಎಂಬುದು ಷರತ್ತು. ಅದೇ ಸಾಲಿನಲ್ಲಿರುವ ‘ಡಿಲೇ’ ಜಾಗದಲ್ಲಿ 3 ಸೆಕೆಂಡು ಬರೆದರೆ, ಷರತ್ತು ಸತತ 3 ಸೆಕೆಂಡು ನಿಜವಾಗಿದ್ದರೆ ಮಾತ್ರ ಸ್ವಿಚ್ ಹೊತ್ತಿಕೊಳ್ಳುತ್ತದೆ. ಮೊದಲನೆಯ ಸುಳ್ಳಿಗೆ ಇಷ್ಟು ಸಾಕು. ಎರಡನೆಯದಕ್ಕೆ ‘ಸ್ಟಿಕಿ’ ಎಂಬ ಬಗೆಯ ಸ್ವಿಚ್. ಹೆಸರೇ ಹೇಳುವಂತೆ ಇದು ಅಂಟಿಕೊಳ್ಳುವ ಸ್ವಿಚ್: ಒಮ್ಮೆ ಹೊತ್ತಿಕೊಂಡರೆ ವೋಲ್ಟೇಜು ಮೇಲೆದ್ದರೂ ಆರುವುದಿಲ್ಲ, ಆರಿಸಲೆಂದು ನಾವು ಗೊತ್ತುಮಾಡಿದ ಸ್ವಿಚ್ಚನ್ನು ನಾವೇ ಒತ್ತಬೇಕು. ವಿಮಾನ ಇಳಿಸುವವರೆಗೂ ಪೆಟ್ಟಿಗೆ ಬಿಡದೆ ಹೇಳುತ್ತಲೇ ಇರುತ್ತದೆ. ಮನೆಯಲ್ಲಿ ಅಜ್ಜಿಯರು ಹೇಳುತ್ತಿದ್ದಂತೆ.

ಸ್ವಿಚ್ ಹೊತ್ತಿಕೊಂಡಾಗ ಏನಾಗಬೇಕೆಂಬುದನ್ನು ‘ಸ್ಪೆಷಲ್ ಫಂಕ್ಷನ್’ ಪುಟದಲ್ಲಿ ಬರೆಯಬೇಕು. ಇಂಥ ಸ್ವಿಚ್, ಇಂಥ ಧ್ವನಿ, 10 ಸೆಕೆಂಡಿಗೊಮ್ಮೆ ಎಂದರಾಯಿತು. ಅಂಕಿಯನ್ನೇ ಓದಿ ಹೇಳು ಎಂದೂ ಬರೆಯಬಹುದು. ಸ್ವಿಚ್ಚೊಂದನ್ನು ಎಳೆದಾಗ ‘ಇಲೆವೆನ್ ಪಾಯಿಂಟ್ ಟೂ ವೋಲ್ಟ್ಸ್’ ಎಂದು ಅದು ಉಸುರುತ್ತದೆ.

ಲೆಕ್ಕ ಹಿಂದಿನಿಂದ

10.5 ಎಂಬುದು ರೂಢಿಯ ಅಂಕಿ, ಸರಿ. ಆದರೆ ಒಳ್ಳೆಯ ಹವ್ಯಾಸಿ ತನ್ನ ಗಡಿಯನ್ನು ನೆಲದಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಗಣಿತದ ಮೇಷ್ಟರು ಸಂತೋಷಪಡುವಂಥ ಲೆಕ್ಕ ಇದು.

ವಿಮಾನ ಹಾರುವಾಗ ಸರಾಸರಿ 15 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಗಂಟೆಗೆ 15,000 ಮಿಲಿಆಂಪ್‌ಅವರ್, ಅಂದರೆ ನಿಮಿಷಕ್ಕೆ 250. ಬ್ಯಾಟರಿ 2200ರದ್ದಾದರೂ ಅದರ ಶೇಕಡ 80ಕ್ಕಿಂತ ಹೆಚ್ಚು ಬಳಸಬಾರದು, ಉಳಿಯಿತು 1760. ಇಳಿಸಲು ಎಷ್ಟು ಬೇಕು? ಮೈದಾನದ ಸುತ್ತ ಒಂದು ಸುತ್ತು, ಗಾಳಿಗೆ ಎದುರಾಗಿ ಬರುವುದು, ಅಷ್ಟರಲ್ಲಿ ದನವೊಂದು ಅಡ್ಡ ಬಂದರೆ ಮತ್ತೆ ಏರಿಸಿ ಇನ್ನೊಂದು ಪ್ರಯತ್ನ. ಇದಕ್ಕೆ 400 ಮೀಸಲಿಡಿ. 1760ರಲ್ಲಿ 400 ಕಳೆದರೆ 1360. ಬಳಕೆಯನ್ನು ಅಳೆಯುವ ಕರೆಂಟ್ ಸೆನ್ಸರ್ ಇದ್ದರೆ 1350ಕ್ಕೆ ಕೂಗು ಎಂದು ಬರೆಯಬೇಕು. ಸೆನ್ಸರ್ ಇಲ್ಲವೇ? 1350ನ್ನು 250ರಿಂದ ಭಾಗಿಸಿದರೆ 5 ನಿಮಿಷ 24 ಸೆಕೆಂಡು. ಪೆಟ್ಟಿಗೆಯ ಟೈಮರನ್ನು 5 ನಿಮಿಷಕ್ಕಿಟ್ಟರೆ ಆಯಿತು, ಒಂದು ಪೈಸೆ ಖರ್ಚಿಲ್ಲ. ಥ್ರಾಟಲ್ ಹೆಚ್ಚಿದಷ್ಟೂ ಬೇಗ ಓಡುವ ಟೈಮರ್ ಕೂಡ ಇದೆ. ಸರಾಸರಿ ಆಂಪಿಯರ್ ಗೊತ್ತಿಲ್ಲದಿದ್ದರೆ ಮೊದಲ ದಿನ 4 ನಿಮಿಷ ಹಾರಿಸಿ ಇಳಿಸಿ. ಬ್ಯಾಟರಿಗೆ ಮತ್ತೆ ಎಷ್ಟು ತುಂಬಿತೆಂಬುದನ್ನು ಚಾರ್ಜರ್ ತೋರಿಸುತ್ತದೆ; ಅದನ್ನು 4ರಿಂದ ಭಾಗಿಸಿದರೆ ನಿಮಿಷದ ಖರ್ಚು ಸಿಕ್ಕಿಬಿಡುತ್ತದೆ.

ಎಚ್ಚರಿಕೆಯೆಂದರೆ ಅಪಾಯ ಬಂದಾಗ ಕೂಗುವುದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಕೂಗಬೇಕಾದದ್ದು, ಅಪಾಯವಿಲ್ಲದೆ ಇಳಿಸುವುದಕ್ಕೆ ಇನ್ನೂ ಕಾಲಾವಕಾಶ ಇರುವಾಗ. ಮೋಟಾರಿನ ವೇಗ ನಿಯಂತ್ರಕ ಕೂಡ ಬ್ಯಾಟರಿ ತೀರಾ ಇಳಿದಾಗ ಮೋಟಾರನ್ನು ನಿಲ್ಲಿಸಿ ರೆಕ್ಕೆಗಳನ್ನು ಆಡಿಸಲು ಒಂದಿಷ್ಟು ಶಕ್ತಿ ಉಳಿಸಿಕೊಡುತ್ತದೆ. ಆ ಸ್ಥಿತಿಗೆ ಬಂದಮೇಲೆ ವಿಮಾನ ಎಲ್ಲಿ ಇಳಿಯಬೇಕೆಂಬುದು ನಮ್ಮ ಆಯ್ಕೆಯಾಗಿ ಉಳಿದಿರುವುದಿಲ್ಲ. ಕ್ರಿಕೆಟ್ ಆಡುತ್ತಿರುವ ಮಕ್ಕಳ ನಡುವೆಯೂ ಇಳಿಯಬಹುದು. ಕಿಲೋ ತೂಕದ ವಸ್ತು, ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್. ಆಟಿಕೆ ಎಂದು ಉದಾಸೀನ ಮಾಡುವಂಥದ್ದಲ್ಲ.

ಕನ್ನಡದಲ್ಲೇ ಹೇಳಿಸಿ

ಈ ಪೆಟ್ಟಿಗೆಗಳ ಮಾತು ಸಾಮಾನ್ಯವಾಗಿ ಇಂಗ್ಲಿಷ್. ಆದರೆ ಆ ದನಿಗಳೆಲ್ಲ ಪುಟ್ಟ ಮೆಮೊರಿ ಕಾರ್ಡಿನ ‘ಸೌಂಡ್ಸ್’ ಎಂಬ ಕಡತಕೋಶದಲ್ಲಿ ಬಿಡಿ ಬಿಡಿ ಕಡತಗಳಾಗಿ ಕುಳಿತಿರುತ್ತವೆ. ನಮ್ಮದನ್ನೂ ಅಲ್ಲಿ ಸೇರಿಸಲು ಅಡ್ಡಿಯಿಲ್ಲ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕಂಪ್ಯೂಟರಿನ ಯಾವುದಾದರೂ ಉಚಿತ ಧ್ವನಿ ತಂತ್ರಾಂಶದಲ್ಲಿ 16 ಬಿಟ್‌ನ, ಮೊನೊ, ‘ವೇವ್’ ಮಾದರಿಯ ಕಡತವಾಗಿ ಬದಲಾಯಿಸಿ, ಆರು ಅಕ್ಷರ ಮೀರದ ಹೆಸರಿಟ್ಟು ಕಾರ್ಡಿಗೆ ಹಾಕಿದರೆ ಕೆಲಸ ಮುಗಿಯಿತು. ಮುದ್ರಿಕೆಯ ಆರಂಭದ ಮೌನವನ್ನು ಕತ್ತರಿಸಿ ಹಾಕುವುದನ್ನು ಮರೆಯಬಾರದು. ಅರ್ಧ ಸೆಕೆಂಡು ಮೌನವೆಂದರೆ ಏಳೂವರೆ ಮೀಟರ್.

ಏನು ಹೇಳಿಸಬೇಕು? ಬೇಟ್‌ಮನ್ನರ ಪಾಠ ನೆನಪಿದೆಯಲ್ಲ. ‘ಬ್ಯಾಟರಿ ವೋಲ್ಟೇಜ್ ಕಡಿಮೆಯಾಗಿದೆ, ದಯವಿಟ್ಟು ಗಮನಿಸಿ’ ಎಂಬ ರೈಲ್ವೆ ನಿಲ್ದಾಣದ ಧಾಟಿ ಇಲ್ಲಿ ಒಗ್ಗದು. ‘ಬ್ಯಾಟರಿ! ಇಳಿಸು’ ಸಾಕು. ಸಿಗ್ನಲ್ ಕ್ಷೀಣಿಸಿದರೆ ‘ಸಿಗ್ನಲ್! ತಿರುಗಿಸು’. ಎತ್ತರ ಮೀರಿದರೆ ‘ಎತ್ತರ! ತಗ್ಗಿಸು’. ಮೊದಲ ಪದ ಕಾರಣ, ಎರಡನೆಯದು ಕೆಲಸ. ‘ಇಳಿಸು’, ‘ತಗ್ಗಿಸು’ ಎರಡೂ ಗಾಳಿಯ ಸದ್ದಿನಲ್ಲಿ ಒಂದೇ ಥರ ಕೇಳಿಸುತ್ತವೆಯೇ ಎಂದು ಹತ್ತು ಹೆಜ್ಜೆ ದೂರ ನಿಂತು ಪರೀಕ್ಷಿಸಿ ನೋಡಬೇಕು. ಹೌದಾದರೆ ಪದ ಬದಲಾಯಿಸಬೇಕು. ಹೀಲಿಯೋಸ್‌ನ ಹಾರನ್ ಕಲಿಸಿದ್ದು ಅದನ್ನೇ. ಯಾರ ದನಿ ಎಂಬುದು ಮನೆಯವರ ಇಷ್ಟ. ಅಮ್ಮನ ದನಿಗೆ ಹೆಚ್ಚು ಬೆಲೆಯಿದೆ ಎಂದು ಈ ಲೇಖಕನ ಅನುಮಾನ.

ಉತ್ತರ ನಿಂತರೆ

ಬ್ಯಾಟರಿಯ ನಂತರದ ಸ್ಥಾನ ಸಿಗ್ನಲ್ಲಿನದು. ಫ್ರೀಸ್ಕೈ ಪದ್ಧತಿಯಲ್ಲಿ ಇದನ್ನು ‘ಆರ್‌ಎಸ್‌ಎಸ್‌ಐ’ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 45ಕ್ಕೆ ಇಳಿದರೆ ಮೊದಲ ಎಚ್ಚರಿಕೆ, 42ಕ್ಕೆ ಕೊನೆಯ ಎಚ್ಚರಿಕೆ. ಈ ಎರಡು ತಂತ್ರಾಂಶದಲ್ಲಿ ಮೊದಲೇ ಬರೆದಿರುತ್ತವೆ, ಮುಟ್ಟದಿರುವುದು ಲೇಸು. 45 ಎಂದರೆ ಶೇಕಡ 45 ಅಲ್ಲ, ಇನ್ನೂ ಅರ್ಧ ಇದೆಯೆಂದು ನಿಶ್ಚಿಂತೆಯಾಗಬಾರದು. ಎಚ್ಚರಿಕೆ ಕೇಳಿದೊಡನೆ ವಿಮಾನವನ್ನು ತನ್ನ ಕಡೆಗೆ ತಿರುಗಿಸಬೇಕು. ಆಂಟೆನಾದ ತುದಿಯನ್ನು ವಿಮಾನಕ್ಕೆ ಗುರಿಯಿಟ್ಟು ಹಿಡಿದಿದ್ದೇವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬಂದೂಕಿನಂತೆ ಗುರಿಯಿಟ್ಟರೆ ಸಿಗ್ನಲ್ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ತದ್ವಿರುದ್ಧ: ಕಡ್ಡಿಯಾಕಾರದ ಆಂಟೆನಾ ತನ್ನ ತುದಿಯ ದಿಕ್ಕಿಗೇ ಅತ್ಯಂತ ಕಡಿಮೆ ಪ್ರಸಾರ ಮಾಡುತ್ತದೆ.

ಕೆಲವೊಮ್ಮೆ ಪೆಟ್ಟಿಗೆ ‘ಟೆಲಿಮೆಟ್ರಿ ಲಾಸ್ಟ್’ ಎನ್ನುತ್ತದೆ. ಎದೆ ಧಸಕ್ಕೆನ್ನುವ ಮಾತು. ಆದರೆ ಇದರರ್ಥ ಹಿಡಿತ ತಪ್ಪಿತೆಂದಲ್ಲ, ಉತ್ತರ ಬರುತ್ತಿಲ್ಲವೆಂದು ಮಾತ್ರ. ವಿಮಾನದಲ್ಲಿರುವ ರಿಸೀವರಿನ ದನಿ ನಮ್ಮ ಕೈಯ ಪೆಟ್ಟಿಗೆಯ ದನಿಗಿಂತ ಸಾಮಾನ್ಯವಾಗಿ ಸಣ್ಣದು, ಹಾಗಾಗಿ ಉತ್ತರವೇ ಮೊದಲು ಕಡಿಯುತ್ತದೆ. ನಮ್ಮ ಅಪ್ಪಣೆ ಆಗಲೂ ಮೇಲೆ ತಲುಪುತ್ತಿರಬಹುದು.

ಇದಕ್ಕೆ ದೊಡ್ಡ ಉದಾಹರಣೆ ವಾಯೇಜರ್-1. 1977ರಲ್ಲಿ ಹೊರಟ ಆ ನೌಕೆ 2023ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಸೊನ್ನೆ-ಒಂದುಗಳನ್ನು ಕಳಿಸತೊಡಗಿತು. ಭೂಮಿಯಿಂದ ಹೋದ ಅಪ್ಪಣೆಗಳನ್ನು ಅದು ಪಾಲಿಸುತ್ತಿತ್ತು, ಹೇಳಬೇಕಾದ್ದನ್ನು ಹೇಳಲು ಮಾತ್ರ ಬಾಯಿ ತೊದಲುತ್ತಿತ್ತು. ನೆನಪಿನ ಚಿಪ್ಪೊಂದು ಕೆಟ್ಟಿರುವುದನ್ನು ಎಂಜಿನಿಯರುಗಳು ಪತ್ತೆಹಚ್ಚಿ, ಅಲ್ಲಿದ್ದ ತಂತ್ರಾಂಶವನ್ನು ಬೇರೆಡೆಗೆ ಸರಿಸಿ, 2024ರ ಏಪ್ರಿಲಿನಲ್ಲಿ ಮತ್ತೆ ಅರ್ಥವಾಗುವ ಮಾತಾಡಿಸಿದರು. ಅಪ್ಪಣೆಯ ದಾರಿ ತೆರೆದಿತ್ತೆಂದೇ ಇದು ಸಾಧ್ಯವಾಯಿತು. (ಅಂದಹಾಗೆ, ಆ ನೌಕೆಯಲ್ಲಿರುವ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.)

ಹಿಡಿತವೇ ತಪ್ಪಿದರೆ? ಆಗ ಟೆಲಿಮೆಟ್ರಿ ಏನೂ ಮಾಡಲಾರದು. ಆ ಹೊತ್ತಿಗೆಂದೇ ರಿಸೀವರಿನಲ್ಲಿ ‘ಫೇಲ್‌ಸೇಫ್’ ಬರೆದಿಡಬೇಕು: ಅಪ್ಪಣೆ ನಿಂತರೆ ಮೋಟಾರ್ ನಿಲ್ಲಲಿ ಎಂದು. ಎಲ್ಲ ಎಚ್ಚರಿಕೆಗಳಿಗಿಂತ ಮೊದಲು ಮಾಡಬೇಕಾದ ಕೆಲಸ ಇದು. ಧ್ವನಿಗಳ ಸಡಗರದಲ್ಲಿ ಇದನ್ನೇ ಮರೆತವರಿದ್ದಾರೆ.

ಎಷ್ಟು ಎತ್ತರ?

ಎತ್ತರ ಅಳೆಯುವ ಸೆನ್ಸರ್ ವಾಸ್ತವವಾಗಿ ಗಾಳಿಯ ಒತ್ತಡ ಅಳೆಯುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಸುಮಾರು 9 ಮೀಟರ್ ಏರಿದರೆ ಒತ್ತಡ 1 ಮಿಲಿಬಾರ್ ಕಡಿಮೆಯಾಗುತ್ತದೆ. ಬ್ಯಾಟರಿ ಜೋಡಿಸಿದ ಜಾಗವನ್ನೇ ಸಾಮಾನ್ಯವಾಗಿ ಸೊನ್ನೆಯೆಂದು ಹಿಡಿದು ಅದು ಲೆಕ್ಕ ಶುರುಮಾಡುತ್ತದೆ. ಮೋಟಾರಿಲ್ಲದ ಗ್ಲೈಡರ್ ಹಾರಿಸುವವರಿಗೆ ಇದರಿಂದ ಇನ್ನೊಂದು ಸುಖ. ವಿಮಾನ ಬಿಸಿಗಾಳಿಯ ಕಂಬದೊಳಗೆ ಹೊಕ್ಕು ಏರತೊಡಗಿದರೆ ಪೆಟ್ಟಿಗೆಯ ಸ್ವರವೂ ಏರುತ್ತದೆ. ಗರುಡ ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡಿದ್ದೀರಲ್ಲ, ಅದನ್ನು ಇಲ್ಲಿ ಕಿವಿಯಿಂದ ಕೇಳಬಹುದು.

ಎತ್ತರದ ಎಚ್ಚರಿಕೆಗೆ ಕಾನೂನಿನ ಕಾರಣವೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಳತೆಯಲ್ಲೇ ಹಾರಿಸುವ, 25 ಕಿಲೋ ಮೀರದ ಯಂತ್ರಗಳು ‘ಮಾದರಿ’ ವರ್ಗಕ್ಕೆ ಸೇರುತ್ತವೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರ ಮಿತಿ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ 200 ಅಡಿ. ಕೆಂಪೇಗೌಡ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ನಾಲ್ಕು ವಿಮಾನನೆಲೆಗಳನ್ನು ಮಡಿಲಲ್ಲಿಟ್ಟುಕೊಂಡ ಬೆಂಗಳೂರಿನಲ್ಲಿ ಎಲ್ಲಿ ಹಾರಿಸಬಹುದೆಂಬುದನ್ನು ‘ಡಿಜಿಟಲ್ ಸ್ಕೈ’ ನಕ್ಷೆ ನೋಡದೆ ತೀರ್ಮಾನಿಸುವಂತೆಯೇ ಇಲ್ಲ. ಎಚ್ಚರಿಕೆಯನ್ನು 100 ಮೀಟರಿಗಿಡುವುದು ಕ್ಷೇಮ. ಮಿತಿ ಮುಟ್ಟಿದ ಮೇಲೆ ಹೇಳಿ ಏನು ಪ್ರಯೋಜನ?

ವೇಗ, ಉಷ್ಣಾಂಶ, ದಿಕ್ಕು, ಮೋಟಾರಿನ ಸುತ್ತು ಎಂದು ಇನ್ನೂ ಹತ್ತಾರು ಅಳತೆಗಳಿಗೆ ಸೆನ್ಸರ್ ಸಿಗುತ್ತದೆ. ಸಿಕ್ಕಿದ್ದಕ್ಕೆಲ್ಲ ದನಿ ಕೊಡಬೇಕೆಂದು ಹುಡುಗರಿಗೆ ಆಸೆಯಾಗುವುದು ಸಹಜ. ಮೊದಲ ವಾರ ಮಜವಾಗಿರುತ್ತದೆ. ಮೂರನೆಯ ವಾರದ ಹೊತ್ತಿಗೆ ಪೆಟ್ಟಿಗೆಯ ಮಾತು ಸಂತೆಯ ಗದ್ದಲವಾಗಿ, ಕಿವಿ ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಕೇಳಿದಾಗ ಕೈ ಏನು ಮಾಡಬೇಕೆಂಬುದಕ್ಕೆ ಉತ್ತರವಿಲ್ಲದ ಎಚ್ಚರಿಕೆಯನ್ನು ಅಳಿಸಿಹಾಕುವುದು ಒಳ್ಳೆಯದು. ಕಲಿಯುವವರಿಗೆ ಬ್ಯಾಟರಿ, ಸಿಗ್ನಲ್, ಎತ್ತರ, ಟೈಮರ್ ಈ ನಾಲ್ಕೇ ಹೆಚ್ಚು. ಹೆತ್ತವರಿಗೂ ಇಲ್ಲೊಂದು ಕೆಲಸವಿದೆ, ಎಲೆಕ್ಟ್ರಾನಿಕ್ಸ್ ಗೊತ್ತಿರಬೇಕಿಲ್ಲ. ಪಕ್ಕದಲ್ಲಿ ನಿಂತು, ಪೆಟ್ಟಿಗೆ ‘ಇಳಿಸು’ ಎಂದಾಗ ‘ಇಳಿಸ್ತಿದ್ದೀಯಾ ಮಗಾ?’ ಎಂದು ಕೇಳುವುದು. ‘ಇನ್ನೊಂದೇ ರೌಂಡು’ ಎಂಬ ಉತ್ತರ ಬಂದರೆ ಮುಂದಿನ ಭಾನುವಾರ ರಜೆ.

ಟ್ರಾನ್ಸ್‌ಮಿಟರ್ ಕೊಳ್ಳುವ ಮೊದಲೇ ಇದನ್ನೆಲ್ಲ ಕಲಿಯಲು ಎಡ್ಜ್‌ಟಿಎಕ್ಸ್‌ನ ‘ಕಂಪ್ಯಾನಿಯನ್’ ಎಂಬ ಉಚಿತ ತಂತ್ರಾಂಶವಿದೆ. ಕಂಪ್ಯೂಟರಿನಲ್ಲೇ ಇಡೀ ಪೆಟ್ಟಿಗೆ ಮೂಡುತ್ತದೆ, ಸುಳ್ಳು ವೋಲ್ಟೇಜು ಕೊಟ್ಟು ಲಾಜಿಕಲ್ ಸ್ವಿಚ್ ಹೊತ್ತಿಕೊಳ್ಳುತ್ತದೋ ನೋಡಬಹುದು. ಪೆಟ್ಟಿಗೆ ಕೈಗೆ ಬಂದ ಮೇಲೆ ಪರೀಕ್ಷೆಗೆ ಮೈದಾನಕ್ಕೇ ಹೋಗಬೇಕಿಲ್ಲ. ಪ್ರೊಪೆಲ್ಲರನ್ನು ಬಿಚ್ಚಿ ಪಕ್ಕಕ್ಕಿಡಿ. ಪೂರ್ತಿ ತುಂಬಿದ ಬ್ಯಾಟರಿ ಜೋಡಿಸಿ, 10.5 ಇದ್ದ ಗಡಿಯನ್ನು 12.7ಕ್ಕೆ ಏರಿಸಿ. ಮೂರು ಸೆಕೆಂಡು ಕಾದರೆ ಮೇಜಿನ ಮೇಲಿಂದಲೇ ಪೆಟ್ಟಿಗೆ ‘ಇಳಿಸು’ ಎನ್ನಬೇಕು. ಆಮೇಲೆ ಥ್ರಾಟಲನ್ನು ತುಸು ಏರಿಸಿ ಮೋಟಾರ್ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿ. ಮೋಟಾರ್ ನಿಂತರೆ ಫೇಲ್‌ಸೇಫ್ ಸರಿಯಿದೆ ಎಂದು ತಿಳಿಯಬಹುದು. ಇಷ್ಟಾದ ಮೇಲೆ ಗಡಿಯನ್ನು ಮತ್ತೆ 10.5ಕ್ಕೆ ಇಳಿಸಿಯೇ ಪ್ರೊಪೆಲ್ಲರನ್ನು ಕೈಗೆತ್ತಿಕೊಳ್ಳಿ.